ನಮಗೊಂದು ಪುಟ

ಕಾಸರಗೋಡಿನ ಕನ್ನಡಿಗರು ದಿನಪತ್ರಿಕೆಯನ್ನು ಮುಖಪುಟದಿಂದ ಓದುವವರಲ್ಲ. ಮುಖಪುಟದಲ್ಲಿ ಬೆಂಗಳೂರಿನ ಮುಖ್ಯಮಂತ್ರಿ ಇರುತ್ತಾರೆ. ನಮ್ಮ ಮುಖ್ಯಮಂತ್ರಿ ಇರುವುದು ತಿರುವನಂತಪುರದಲ್ಲಿ. ಮಗುಚಿದರೆ ವಿದ್ಯುತ್ ನಿಲುಗಡೆಯ ಪ್ರಕಟಣೆ. ಅದು ಕರ್ನಾಟಕದ ವಿದ್ಯುತ್ ಕಂಪನಿ ಮೆಸ್ಕಾಂನದು, ನಮ್ಮ ಮನೆಯ ದೀಪ ಆರಿಸುವ ಹಕ್ಕು ಕೇರಳದ ವಿದ್ಯುತ್ ಮಂಡಳಿಗೆ ಸೇರಿದ್ದು. ಹೀಗೆ ನಮ್ಮದಲ್ಲದ ಸುಖದುಃಖಗಳನ್ನೆಲ್ಲ ದಾಟಿ ಒಳಗೆ ಹೋದರೆ, ಎಲ್ಲೋ ಒಂದು ಕಡೆ ‘ಕಾಸರಗೋಡು’ ಎಂಬ ತಲೆಬರಹದ ಪುಟ ಸಿಗುತ್ತದೆ. ಪೆರ್ಲ, ಬದಿಯಡ್ಕ, ನೀರ್ಚಾಲು, ಮುಳ್ಳೇರಿಯ, ಕುಂಬಳೆ, ಮಂಜೇಶ್ವರ ಎಲ್ಲವೂ ಅಲ್ಲಿ ಒತ್ತೊತ್ತಾಗಿ ಕುಳಿತಿರುತ್ತವೆ. 1956ರ ನವೆಂಬರ್ 1ರಂದು ಕೇರಳದ ಪಾಲಾದ ಮೇಲೆ ಇಲ್ಲಿ ಕನ್ನಡಕ್ಕೆ ಉಳಿದ ಜಾಗಗಳಲ್ಲಿ ಶಾಲೆ, ದೇವಸ್ಥಾನ, ಯಕ್ಷಗಾನದ ರಂಗಸ್ಥಳಗಳ ಜೊತೆಗೆ ಈ ಒಂದು ಪುಟವನ್ನೂ ನಾನು ಲೆಕ್ಕಕ್ಕೆ ಹಿಡಿಯುತ್ತೇನೆ.

ಆ ಪುಟದಲ್ಲೂ ಓದಿಗೆ ಒಂದು ಕ್ರಮವಿದೆ. ಹಿರಿಯರಿಗೆ ಮೊದಲು ‘ನಿಧನ’. ಯಾರು ಹೋದರು, ಎಷ್ಟು ವಯಸ್ಸು, ತನಗಿಂತ ದೊಡ್ಡವರೋ ಚಿಕ್ಕವರೋ ಎಂದು ನೋಡಿಕೊಂಡ ಮೇಲೆಯೇ ಎರಡನೆಯ ಲೋಟ ಕಾಫಿ. ಆಮೇಲೆ ಅಡಿಕೆಯ ಧಾರಣೆ. 1973ರಲ್ಲಿ ಎರಡೂ ರಾಜ್ಯಗಳ ಬೆಳೆಗಾರರಿಗಾಗಿ ಹುಟ್ಟಿದ ಸಹಕಾರ ಸಂಸ್ಥೆ ಕ್ಯಾಂಪ್ಕೊಗೆ ಗಡಿಯ ತಾಪತ್ರಯವಿಲ್ಲ. ಹೊಸತು, ಹಳತು, ಪಟೋರ, ಕರಿಗೋಟು ಎಂದು ಅಡಿಕೆಯ ಒಂದೊಂದು ದರ್ಜೆಗೂ ಅದು ಕೊಡುವ ಅಂಕಿಗಳು ಪುತ್ತೂರಿಗೂ ಬದಿಯಡ್ಕಕ್ಕೂ ಅನ್ವಯವಾಗುತ್ತವೆ. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ಇನ್ನೊಂದು ಆಕರ್ಷಣೆ, ಯಕ್ಷಗಾನ ಆಟದ ಪಟ್ಟಿ: ಕಟೀಲು ಮೇಳಗಳು ಇಂದು ಎಲ್ಲೆಲ್ಲಿ, ಪ್ರಸಂಗ ಯಾವುದು. ಆ ಪಟ್ಟಿ ನೋಡಿ ಬೈಕ್ ಹತ್ತಿದವರು ಬೆಳಗಿನ ಜಾವ ಮನೆಗೆ ಮರಳುವಾಗ ಮರುದಿನದ ಪತ್ರಿಕೆ ಗೇಟಿನ ಬಳಿ ಬಿದ್ದಿರುತ್ತಿತ್ತು. ಬಸ್ಸಿನ ಕಿಟಕಿಯಿಂದ ಕಂಡಕ್ಟರ್ ಎಸೆಯುವ ಪತ್ರಿಕೆ ಅದು. ಮಳೆಗಾಲದಲ್ಲಿ ಒಮ್ಮೊಮ್ಮೆ ತೋಡಿಗೆ ಬೀಳುತ್ತಿತ್ತು. ಒಲೆಯ ಬಳಿ ಒಣಗಿಸಿ, ಒಂದು ಬದಿಯ ಸುದ್ದಿಯಲ್ಲಿ ಇನ್ನೊಂದು ಬದಿಯ ಮಂತ್ರಿ ಇಣುಕುತ್ತಿದ್ದರೂ ಬಿಡದೆ ಓದುತ್ತಿದ್ದೆವು.

ಇನ್ನುಳಿದದ್ದು ಸಭೆಗಳ ವರದಿ. ಇದನ್ನು ಗೇಲಿ ಮಾಡುವುದು ಸುಲಭ, ನಾನೂ ಸಾಕಷ್ಟು ಮಾಡಿದ್ದೇನೆ. ಭಜನಾ ಮಂದಿರದ ವಾರ್ಷಿಕೋತ್ಸವ, ಶಾಲೆಯ ಕಟ್ಟಡಕ್ಕೆ ಶಿಲಾನ್ಯಾಸ, ಬ್ರಹ್ಮಕಲಶದ ಪೂರ್ವಭಾವಿ ಸಭೆ, ಯಾವುದೇ ಇರಲಿ, ಅಧ್ಯಕ್ಷರು ಏನು ಹೇಳಿದರು ಎಂಬುದಕ್ಕೆ ಎರಡು ಸಾಲು; ಉಳಿದದ್ದೆಲ್ಲ ಹೆಸರುಗಳು. ಕೊನೆಗೆ ಇಂಥವರು ಸ್ವಾಗತಿಸಿದರು, ಇಂಥವರು ವಂದಿಸಿದರು, ಇಂಥವರು ನಿರೂಪಿಸಿದರು. ಜಗತ್ತಿನ ಯಾವ ಸಂಪಾದಕನೂ ಒಪ್ಪದ ವಾಕ್ಯವಿದು. ಆದರೆ ಅದನ್ನು ಕತ್ತರಿಸಿದ ದಿನ ವರದಿಗಾರ ಪೇಟೆಯಲ್ಲಿ ತಲೆಯೆತ್ತಿ ನಡೆಯುವಂತಿರಲಿಲ್ಲ. ವರದಿಗಾರನೆಂದರೆ ಯಾರು? ಶಾಲಾ ಮಾಸ್ತರೋ, ಸ್ಟುಡಿಯೋ ಇಟ್ಟುಕೊಂಡವರೋ, ಜವಳಿ ಅಂಗಡಿಯ ಮೂಲೆಯಲ್ಲಿ ಕುಳಿತು ಬರೆಯುವವರೋ. ಸುದ್ದಿಗೂ ಅದರ ಪಾತ್ರಧಾರಿಗಳಿಗೂ ದಿನಾ ಮುಖ ತೋರಿಸಬೇಕಾದ ಜನ. ಸಂಜೆ ಬರೆದದ್ದನ್ನು ಫೋಟೊ ಸಮೇತ ಕವರಿಗೆ ಹಾಕಿ ಮಂಗಳೂರು ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದರು. ಐವತ್ತು ಕಿಲೋಮೀಟರ್ ಹೋಗಿ ಅಚ್ಚಾಗಿ, ಬೆಳಕು ಹರಿಯುವ ಮೊದಲು ಗಡಿಯ ತಲಪಾಡಿ ದಾಟಿ ಅದು ನಮ್ಮ ಸುದ್ದಿಯಾಗಿಯೇ ವಾಪಸು ಬರುತ್ತಿತ್ತು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಆರಂಭಿಸಿದಾಗ ತಲಪಾಡಿಯಲ್ಲಿ ಗಡಿಯೇ ಇರಲಿಲ್ಲ. ನಾವೂ ಮಂಗಳೂರೂ ಒಂದೇ ಕನ್ನಡ ಜಿಲ್ಲೆಯವರು. ಪತ್ರಿಕೆ ಆ ಹಳೆಯ ಜಿಲ್ಲೆಯನ್ನು ಇನ್ನೂ ಮರೆತಿಲ್ಲ ಎಂದು ನನಗೆ ಆಗಾಗ ಅನ್ನಿಸುವುದಿದೆ.

ಈಗ ಆ ಪುಟ ಸೊರಗಿದೆ. ಕಾರಣಗಳು ಎಲ್ಲರಿಗೂ ಗೊತ್ತಿರುವವೇ. ಕೊಡುವ ಬೆಲೆಯಿಂದ ಪತ್ರಿಕೆಯ ಅಚ್ಚಿನ ಖರ್ಚೂ ಹುಟ್ಟುವುದಿಲ್ಲ, ಜಾಹೀರಾತೇ ಅದರ ಅನ್ನ; ಆ ಜಾಹೀರಾತು ಮೊಬೈಲಿಗೆ ಹೋಯಿತು. ಕಾಗದ ದುಬಾರಿಯಾಯಿತು. 2019ರ ಬಜೆಟ್ ಆಮದು ಕಾಗದದ ಮೇಲೆ ಶೇಕಡಾ 10ರ ಸುಂಕ ಹೇರಿ, ಮರುವರ್ಷ 5ಕ್ಕೆ ಇಳಿಸಿತು. ಅಷ್ಟರಲ್ಲಿ ಕೊರೊನಾ. 2020ರ ಮಾರ್ಚ್‌ನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ರೋಗಿಗಳೇ ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಒದ್ದಾಡಿದರು. ಪತ್ರಿಕೆಯನ್ನು ಕೇಳುವವರು ಯಾರು? ಕಾಗದದಿಂದ ರೋಗ ಬರುತ್ತದೆಂದು ಆಗ ಪತ್ರಿಕೆ ನಿಲ್ಲಿಸಿದ ಮನೆಗಳಲ್ಲಿ ಹಲವು ರೋಗ ಹೋದ ಮೇಲೂ ಅದನ್ನು ಮತ್ತೆ ತರಿಸಲಿಲ್ಲ. ಸುಮ್ಮನೆ ಅಭ್ಯಾಸ ತಪ್ಪಿತು, ಅಷ್ಟೇ.

ಮೊಬೈಲ್ ಬಂದದ್ದರಿಂದ ನಷ್ಟವೇ ಆಯಿತೆಂದು ಹೇಳಿದರೆ ಅಡಿಕೆ ಬೆಳೆಗಾರರು ನನ್ನನ್ನು ಸುಮ್ಮನೆ ಬಿಡಲಾರರು. ಧಾರಣೆ ಈಗ ಅಂದಂದೇ ಅಂಗೈಗೆ ಬರುತ್ತದೆ. ಸಾವಿನ ಸುದ್ದಿಯಂತೂ ನೆಂಟರು ಹೊರಡುವ ಮೊದಲೇ ದುಬೈ ಮುಟ್ಟಿರುತ್ತದೆ. ಆಟಕ್ಕೆ ಹೋಗಬೇಕೆಂದೇ ಇಲ್ಲ, ನೇರಪ್ರಸಾರವಿದೆ. ನನ್ನ ತಕರಾರು ಬೇರೆ. ನಾನು ಕೇರಳದಲ್ಲಿದ್ದೇನೆಂದು ನನ್ನ ಫೋನಿಗೆ ಗೊತ್ತು. ಕನ್ನಡ ಓದುತ್ತೇನೆಂದೂ ಗೊತ್ತು. ಆದರೆ ಎರಡೂ ಒಟ್ಟಿಗೆ ನಿಜವಿರಬಹುದೆಂದು ಅದಕ್ಕೆ ನಂಬಿಕೆಯೇ ಬರುವುದಿಲ್ಲ. ಭಾಷೆ ನೋಡಿದಾಗ ಸಿಲ್ಕ್ ಬೋರ್ಡ್ ವೃತ್ತದ ವಾಹನದಟ್ಟಣೆಯ ಸುದ್ದಿ ಕೊಡುತ್ತದೆ; ಜಾಗ ನೋಡಿದಾಗ ಕೊಚ್ಚಿಯ ಮೆಟ್ರೊ ಬಗ್ಗೆ ಮಲಯಾಳದಲ್ಲಿ ಹೇಳುತ್ತದೆ. ಪೆರ್ಲದ ಸೇತುವೆ ಕುಸಿದರೆ ಅದನ್ನು ಯಾರಿಗೆ ಹೇಳಬೇಕೆಂದು ಅದಕ್ಕೆ ತೋಚುವುದಿಲ್ಲ. ಇಂಥ ವಿಚಿತ್ರ ಜನ ಇದ್ದಾರೆಂದು ಪತ್ರಿಕೆಯ ಆ ಪುಟಕ್ಕೆ ತಿಳಿದಿತ್ತು. ತಿರುವನಂತಪುರದ ಆದೇಶವನ್ನು ಕನ್ನಡದಲ್ಲಿ ತಿಳಿಸಿ, ಅರ್ಜಿ ಕೊಡಲು ಕೊನೆಯ ದಿನ ಯಾವುದೆಂದು ಹೇಳುವ ಕೆಲಸವನ್ನು ಅದು ಸದ್ದಿಲ್ಲದೆ ಮಾಡುತ್ತಿತ್ತು.

ಊರಿನ ಸುದ್ದಿ ಫೋನಿನಲ್ಲಿ ಬರುವುದೇ ಇಲ್ಲವೆಂದಲ್ಲ. 2022ರ ಅಕ್ಟೋಬರಿನಲ್ಲಿ ಅನಂತಪುರದ ಕೆರೆ ದೇವಸ್ಥಾನದ ಮೊಸಳೆ ಬಬಿಯಾ ತೀರಿಹೋದಾಗ ದೇಶಕ್ಕೆ ದೇಶವೇ ಕಣ್ಣೀರಿಟ್ಟಿತು. ಜೊತೆಗೆ ಒಂದು ಚಿತ್ರವೂ ಓಡಾಡಿತು, ಮೊಸಳೆಯನ್ನು ತಬ್ಬಿಕೊಂಡ ಮನುಷ್ಯನದು. ಅರ್ಚಕರೂ ಬಬಿಯಾನೂ ಎಂಬ ವಿವರಣೆ ಬೇರೆ. ಅಸಲಿಗೆ ಅದು ಕೋಸ್ಟರಿಕಾದ ಪೋಚೊ ಎಂಬ ಮೊಸಳೆ, ತಬ್ಬಿಕೊಂಡವನು ಅದನ್ನು ಸಾಕಿದ ಅಲ್ಲಿನ ಮೀನುಗಾರ. ದೂರದವರು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಕುಂಬಳೆಯ ಆಸುಪಾಸಿನಲ್ಲೇ ಇದ್ದು, ಬಬಿಯಾನನ್ನು ಕೆರೆಯ ದಂಡೆಯಲ್ಲಿ ಕಣ್ಣಾರೆ ಕಂಡವರೂ ಆ ಚಿತ್ರವನ್ನು ನನಗೆ ಕಳುಹಿಸಿದರು. ಜವಳಿ ಅಂಗಡಿಯ ವರದಿಗಾರ ಇಂಥದ್ದನ್ನು ಬರೆದಿದ್ದರೆ ಮರುದಿನ ಅಂಗಡಿಯ ಬಾಗಿಲು ತೆಗೆಯುತ್ತಿದ್ದನೇ?

ನನಗೆ ಪರಿಚಯದ ಅಂಥ ವರದಿಗಾರರೊಬ್ಬರು ಈಗ ಮೊಬೈಲಿನಲ್ಲೇ ಸುದ್ದಿ ಹಾಕುತ್ತಾರೆ. ಕವರಿಲ್ಲ, ಕಂಡಕ್ಟರನಿಲ್ಲ; ಸಭೆ ಮುಗಿಯುವ ಮೊದಲೇ ವರದಿ ಸಿದ್ಧ. ಮೊನ್ನೆ ಒಂದು ಮಂದಿರದ ಉತ್ಸವದ ವರದಿಯಲ್ಲಿ ವಂದನಾರ್ಪಣೆ ಮಾಡಿದವರ ಹೆಸರು ಬಿಟ್ಟುಹೋಯಿತು. ಆ ಮನುಷ್ಯ ಕೂಡಲೇ ಫೋನ್ ಮಾಡಿದರು. “ಎರಡೇ ನಿಮಿಷ, ಈಗಲೇ ಸೇರಿಸುತ್ತೇನೆ” ಎಂದರು ಇವರು.

“ಅದಕ್ಕೆ ಅವಸರವಿಲ್ಲ. ನಾಳೆ ಪೇಪರಿನಲ್ಲಿ ಬರುತ್ತದೆಯೋ ಇಲ್ಲವೋ, ಅದನ್ನು ಹೇಳಿ” ಎಂದರಂತೆ ಅವರು.