ಸತ್ಯಾಂಶ: ಹಂಟಿಂಗ್ಟನ್ ಕಾಯಿಲೆಗೆ ಸಪ್ಲಿಮೆಂಟ್ ಮದ್ದಾ?

ಕೋಎನ್‌ಜೈಮ್ ಕ್ಯೂ10, ಕ್ರಿಯಾಟಿನ್ ಅನ್ನುವ ಸಪ್ಲಿಮೆಂಟ್ ತಗೊಂಡರೆ ಹಂಟಿಂಗ್ಟನ್ ಕಾಯಿಲೆ (ವಂಶಪಾರಂಪರ್ಯವಾಗಿ ಬರುವ, ಮಿದುಳಿನ ನರಕೋಶಗಳು ಕ್ರಮೇಣ ಹಾಳಾಗುವ ಕಾಯಿಲೆ) ಹೆಚ್ಚಾಗುವುದು ನಿಧಾನವಾಗುತ್ತದೆ ಅನ್ನುವ ಫಾರ್ವರ್ಡ್ ಆಗಾಗ ಬರುತ್ತದೆ. ಇದು ನಿಜವಲ್ಲ. ಆದರೆ ಈ ಆಸೆ ಸುಮ್ನೆ ಹುಟ್ಟಿದ್ದೂ ಅಲ್ಲ, ಇಲಿಗಳಲ್ಲಿ ಒಳ್ಳೆಯ ಫಲ ಕಂಡಿತ್ತು. ಆಮೇಲೆ ಮನುಷ್ಯರಲ್ಲೂ ನೋಡಿದರು. ಸುಮಾರು 600 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 2,400 ಮಿಲಿಗ್ರಾಂ ಕ್ಯೂ10, ಉಳಿದವರಿಗೆ ಹಾಗೇ ಕಾಣುವ ಔಷಧವಿಲ್ಲದ ಗುಳಿಗೆ. ಪ್ರಯೋಜನ ಕಾಣದೆ 2014ರಲ್ಲಿ ಪ್ರಯೋಗ ನಿಲ್ಲಿಸಿದರು. ದಿನಕ್ಕೆ 40 ಗ್ರಾಂವರೆಗೆ ಕೊಟ್ಟ ಕ್ರಿಯಾಟಿನ್ ಕಥೆಯೂ ಅದೇ ವರ್ಷ ಹೀಗೇ ಮುಗಿಯಿತು.

ಇಂಥ ಮೆಸೇಜ್ ಬಂದರೆ ಪದಾರ್ಥದ ಹೆಸರು, ಕಾಯಿಲೆಯ ಹೆಸರಿನ ಜೊತೆ ‘ಕ್ಲಿನಿಕಲ್ ಟ್ರಯಲ್’ ಅಂತ ಸೇರಿಸಿ ಹುಡುಕಿ. ಪರೀಕ್ಷೆ ಇಲಿ ಮೇಲಾ, ಮನುಷ್ಯರ ಮೇಲಾ? ಹೋಲಿಸಲು ಇನ್ನೊಂದು ಗುಂಪು ಇತ್ತಾ?

ಅಂದಹಾಗೆ, ಈ ಕಾಯಿಲೆಯಲ್ಲಿ ತೂಕ ಇಳಿಯುವುದು ಸಾಮಾನ್ಯ. ಜಾಸ್ತಿ ಕ್ಯಾಲೊರಿಯ ಊಟ ಬೇಕಾಗಬಹುದು, ಅದನ್ನು ಡಾಕ್ಟರ್ ಹತ್ತಿರ ಕೇಳಿ.