ಭಾವನ ಚಡ್ಡಿ ಜೇಬಿನಲ್ಲಿ ಅರ್ಧ ಕಡಲತೀರ

ಕಡಲ ಪಕ್ಕದ ಬಾಡಿಗೆ ಮನೆಗಳ ಜಾಹೀರಾತಿನಲ್ಲಿ ‘ಎರಡು ದಿನ ಎಲ್ಲ ಮರೆತು ಆರಾಮಾಗಿರಿ’ ಎಂದು ಬರೆಯುವ ಮಹಾನುಭಾವರನ್ನು ಒಂದೇ ಒಂದು ಸಲ, ಮಧ್ಯಾಹ್ನ ಒಂದೂವರೆಗೆ, ಆ ಮನೆಯ ಬಚ್ಚಲಲ್ಲಿ ನಿಲ್ಲಿಸಬೇಕು. ಪಾದ ಮುಳುಗುವಷ್ಟು ನೀರು. ಅದರ ಮೇಲೆ ಸೋಪಿನ ಬಿಳಿ ಜಿಡ್ಡು, ಜಿಡ್ಡಿನ ಮೇಲೆ ಯಾರೋ ಹಲ್ಲಲ್ಲಿ ಹರಿದೆಸೆದ ಶಾಂಪೂ ಪ್ಯಾಕೆಟ್ಟಿನ ಮೂಲೆ. ಬಾಗಿಲಾಚೆ ಆರು ಜನ ಹೆಗಲಿಗೆ ಟವೆಲ್ ಹಾಕಿಕೊಂಡು ‘ಆಯ್ತಾ?’ ಅನ್ನುತ್ತಿರುತ್ತಾರೆ. ನೀರು ಹೋಗಿದ್ದರೆ ತಾನೇ ಆಗುವುದು!

ಕಾರಣ ಮರಳು. ಕರಾವಳಿಯ ಬಾಯಲ್ಲಿ ಹೊಯಿಗೆ. ಮಂಗಳೂರಿನಲ್ಲಿ ಹೊಯಿಗೆ ಬಜಾರ್ ಎಂಬ ಜಾಗವೇ ಇದೆ. ಘಟ್ಟ ಇಳಿದು ಬಂದ ನಮ್ಮಂಥವರು ಬಜಾರಿನ ತನಕ ಹೋಗುವ ಕಷ್ಟ ತೆಗೆದುಕೊಳ್ಳದೆ, ಪುಕ್ಕಟೆಯಾಗಿ ಮೈಮೇಲೇ ಹೊತ್ತು ಮನೆಯೊಳಗೆ ತರುತ್ತೇವೆ. ಮಲ್ಪೆ ಪಕ್ಕದ ಪಡುಕೆರೆಯಂಥ ಕಡೆ, ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಕಡಲು, ಮನೆ ಮೆಟ್ಟಿಲಿಂದ ಅಲೆಗೆ ನೂರಿನ್ನೂರು ಹೆಜ್ಜೆ. ಅಷ್ಟು ಹತ್ತಿರವಿದ್ದರೆ ದಾರಿಯಲ್ಲಿ ಮರಳು ಉದುರುವುದಕ್ಕೂ ಪುರಸೊತ್ತಿಲ್ಲ.

ಹನ್ನೆರಡು ಜನರ ಗುಂಪು ಎಂದರೆ ಅದರಲ್ಲೊಬ್ಬ ಭಾವ ಇದ್ದೇ ಇರುತ್ತಾನೆ. ಸಂಬಂಧದಲ್ಲಿ ಭಾವನೇ ಆಗಬೇಕೆಂದಿಲ್ಲ. ಆಫೀಸಿನ ಗೆಳೆಯನೂ ಆಗಬಹುದು, ಗೆಳೆಯನ ತಮ್ಮನೂ ಆಗಬಹುದು. ಹುದ್ದೆ ಮಾತ್ರ ಭಾವನದು. ನೀರಿಗೆ ಇಳಿಯುವುದಕ್ಕೆ ಮೊದಲಿಗ, ಏಳುವುದಕ್ಕೆ ಕೊನೆಯವ, ಬಚ್ಚಲಿಗೆ ನುಗ್ಗುವುದಕ್ಕೆ ಮತ್ತೆ ಮೊದಲಿಗ. ಈಜು ಬರುವುದಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನವಲ್ಲವಾದ್ದರಿಂದ ಸರಿಯಾಗಿ ಅಲೆ ಒಡೆಯುವ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಾನೆ. ಅಲೆ ತಳದ ಮರಳನ್ನೆಲ್ಲ ಕಲಕಿ ಎತ್ತುವುದೂ ಅಲ್ಲೇ. ಹಾಕಿರುವುದು ಮೊಣಕಾಲುದ್ದದ ಚಡ್ಡಿ, ಎರಡು ಪಕ್ಕದ ಜೇಬು, ಹಿಂದೊಂದು, ಒಳಗೆ ಬಲೆಯ ಬಟ್ಟೆ. ಅಲೆ ಬಂದಾಗ ಜೇಬು ಬಾಯಿ ತೆರೆಯುತ್ತದೆ, ಹೋದಾಗ ಮುಚ್ಚುತ್ತದೆ. ನೀರು ಬಟ್ಟೆಯಿಂದ ಸೋರಿಹೋಗಿ ಮರಳು ಒಳಗೇ ಉಳಿಯುತ್ತದೆ, ಕಾಫಿ ಫಿಲ್ಟರಿನಲ್ಲಿ ಗಸಿ ಉಳಿದ ಹಾಗೆ. 200 ಮಿಲಿಯ ಒಂದು ಲೋಟ ಒದ್ದೆ ಮರಳು ಹೆಚ್ಚುಕಡಿಮೆ 400 ಗ್ರಾಂ ತೂಗುತ್ತದೆ. ಮೂರು ಜೇಬು, ಮೇಲೆ ಬಲೆ. ಭಾವ ದಡದಿಂದ ಬರುವಾಗ ಒಂದು ಕೈಯಲ್ಲಿ ಸೊಂಟದ ಲಾಡಿ ಹಿಡಿದುಕೊಂಡು ಬರುವುದು ಶೋಕಿಗಲ್ಲ, ಗುರುತ್ವಾಕರ್ಷಣೆಗೆ ಹೆದರಿ.

ಆ ಕಿಲೋಗಟ್ಟಲೆ ಸರಕನ್ನು ಅವನು ಇಳಿಸುವುದು ನೇರ ಬಚ್ಚಲಿನ ಜಾಲರಿಯ ಮೇಲೆ. ಜಾಲರಿಯ ಕೆಳಗಿರುವುದಕ್ಕೆ ಪ್ಲಂಬರುಗಳು ನಹಾನಿ ಟ್ರಾಪ್ ಅನ್ನುತ್ತಾರೆ. ಬಟ್ಟಲಿನಂಥ ಬಾಗು. ಅದರಲ್ಲಿ ಎರಡಿಂಚಿನಷ್ಟು ನೀರು ಯಾವಾಗಲೂ ನಿಂತಿದ್ದು ಪೈಪಿನ ನಾತವನ್ನೂ ಜಿರಳೆಯನ್ನೂ ತಡೆಯುತ್ತದೆ. ಸೋಪಿನ ನೀರು ಈ ಬಾಗನ್ನು ಹತ್ತಿ ಇಳಿದು ಹೋಗುತ್ತದೆ, ಮರಳು ಹತ್ತುವುದಿಲ್ಲ. ತಳದಲ್ಲಿ ಕೂತುಬಿಡುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಕಡಲ ಬದಿಯ ಬಾವಿ ನೀರು ಉಪ್ಪಾಗಿ ಸೋಪು ನೊರೆ ಬಿಡುವುದಿಲ್ಲ. ನೊರೆ ಬರಲಿಲ್ಲವೆಂದು ಜನ ಇನ್ನಷ್ಟು ತಿಕ್ಕುತ್ತಾರೆ. ಆ ಸೋಪು ಮೊಸರಿನ ಕೆನೆಯಂತೆ ಒಡೆದು, ಉದುರಿದ ಕೂದಲಿನ ಜೊತೆ ಸೇರಿ, ಮರಳಿಗೆ ಗಾರೆಯಾಗುತ್ತದೆ.

ಇಲ್ಲಿ ಭಾವನೇ ಎಂಜಿನಿಯರು. ಮೊದಲು ಒಂದು ಬಕೆಟ್ ನೀರನ್ನು ಎತ್ತರದಿಂದ ರಪ್ಪನೆ ಹೊಯ್ಯುತ್ತಾನೆ. ಮರಳು ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಹಿಡಿಸೂಡಿಯ ಕಡ್ಡಿ. ಅದು ಒಳಗೇ ಮುರಿಯುತ್ತದೆ. ಕೊನೆಗೆ ‘ಆಸಿಡ್ ಹಾಕಿದ್ರೆ ಆಯ್ತು’. ಆಗುವುದಿಲ್ಲ ಭಾವ! ತೀರದ ಮರಳು ಬಹುಪಾಲು ಬೆಣಚುಕಲ್ಲಿನ ಪುಡಿ, ಬಚ್ಚಲಿಗೆ ಹಾಕುವ ಆಸಿಡ್ಡಿಗೆ ಕರಗುವುದಿಲ್ಲ. ನೆಲದ ಟೈಲ್ಸ್ ಸಂದಿನ ಸಿಮೆಂಟು ಕರಗುತ್ತದೆ. ಮೊದಲೇ ಯಾರಾದರೂ ಬ್ಲೀಚಿಂಗ್ ಪೌಡರ್ ಹಾಕಿದ್ದರಂತೂ ಏಳುವ ಕ್ಲೋರಿನ್ ಗಾಳಿಗೆ ಕ್ಯೂನಲ್ಲಿದ್ದ ಆರು ಜನರೂ ಕೆಮ್ಮುತ್ತಾ ಅಂಗಳಕ್ಕೆ ಓಡಬೇಕು.

ಮಾಡಬೇಕಾದ್ದು ಇಷ್ಟೇ. ಜಾಲರಿ ಎತ್ತಿ, ಕೈಗೆ ಪ್ಲಾಸ್ಟಿಕ್ ಕವರ್ ಹಾಕಿ, ಮೊದಲು ಕೂದಲಿನ ಉಂಡೆ ಎಳೆಯಬೇಕು. ಹಳೆಯ ಸ್ಟೀಲ್ ಚಮಚದಿಂದ ತಳದ ಮರಳನ್ನು ಮೇಲಕ್ಕೆ ತೋಡಬೇಕು. ಮುಂದಕ್ಕೆ ತಳ್ಳಬಾರದು. ತಳ್ಳಿದರೆ ಪೈಪಿನ ಅಡ್ಡ ಓಟದಲ್ಲಿ ಹೋಗಿ ಕೂರುತ್ತದೆ, ಆಮೇಲೆ ನೆಲ ಒಡೆಯುವುದೊಂದೇ ಬಾಕಿ. ಹತ್ತು ಹನ್ನೆರಡು ಚಮಚ ತೆಗೆದ ಮೇಲೆ ‘ಗುಳುಕ್’ ಎಂಬ ಸದ್ದು ಬರುತ್ತದಲ್ಲ, ಇಡೀ ಪ್ರವಾಸದಲ್ಲಿ ಅಲೆಯ ಮೊರೆತಕ್ಕಿಂತ ಹಿತವಾದ ಸದ್ದು ಅದೇ.

ಆದರೆ ಇದ್ಯಾವುದೂ ಬೇಕಿಲ್ಲ. ಒದ್ದೆ ಮರಳು ಅಂಟುವುದು ನಡುವಿನ ನೀರಿನಿಂದ. ಹತ್ತು ನಿಮಿಷ ತೆಂಗಿನ ಮರದಡಿ ನಿಂತು ಮೈ ಒಣಗಿಸಿಕೊಂಡರೆ ಮುಕ್ಕಾಲುಪಾಲು ತಾನೇ ಉದುರುತ್ತದೆ. ಬೆರಳ ಸಂದಿಯದಕ್ಕೆ ಒಂದು ಚಿಟಿಕೆ ಮಕ್ಕಳ ಪೌಡರ್ ಹಾಕಿ ಒರೆಸಿದರೆ ಪೌಡರು ಪಸೆ ಹೀರಿ ಮರಳನ್ನು ಬಿಡಿಸುತ್ತದೆ. ಅಂಗಳದ ನಲ್ಲಿಯ ಹತ್ತಿರ ಎರಡು ಬಕೆಟ್ ಇಡಬೇಕು, ಒಂದರಲ್ಲಿ ಕಾಲು ಅದ್ದಿ, ಇನ್ನೊಂದರ ನೀರನ್ನು ಮಗ್ಗಿನಲ್ಲಿ ಹೊಯ್ದುಕೊಳ್ಳಲು. ಹನ್ನೆರಡೂ ಜನ ಒಂದೇ ಬಕೆಟ್ಟಿನಲ್ಲಿ ಕಾಲದ್ದಿದರೆ ಏಳನೆಯವನು ತೊಳೆದುಕೊಳ್ಳುತ್ತಿಲ್ಲ, ಮರಳು ಬಳಿದುಕೊಳ್ಳುತ್ತಿದ್ದಾನೆ.

ನೀರಿನ ಲೆಕ್ಕವೂ ಅಷ್ಟೇ. ಮೇಲಿರುವುದು ಸಾವಿರ ಲೀಟರಿನ ಟ್ಯಾಂಕು. ಒಂದು ಸ್ನಾನಕ್ಕೆ ಎರಡು ಬಕೆಟ್, ಅಂದರೆ 40 ಲೀಟರು. ಬೆಳಿಗ್ಗೆ ಒಮ್ಮೆ, ಕಡಲಿಂದ ಬಂದು ಒಮ್ಮೆ. ಹನ್ನೆರಡು ಜನಕ್ಕೆ 960. ಉಳಿದ ನಲವತ್ತರಲ್ಲಿ ಅಡುಗೆ, ಪಾತ್ರೆ, ಕಕ್ಕಸು. ಕರೆಂಟು ಹೋಗುವುದೂ ತಲೆಗೆ ಶಾಂಪೂ ಹಚ್ಚಿಕೊಳ್ಳುವುದೂ ಒಂದೇ ಮುಹೂರ್ತದಲ್ಲಿ. ಪಂಪು ತಿರುಗುವುದಿಲ್ಲ.

ಆರಾಮಿನ ಮಾತು ಬಂತಲ್ಲ, ಯಾರ ಆರಾಮು? ಬೆಳಗಿನ ತಿಂಡಿಗೆ ನೀರುದೋಸೆಯೇ ಆಗಬೇಕೆಂದು ರಾತ್ರಿ ಎಲ್ಲರೂ ಕೈ ಎತ್ತುತ್ತಾರೆ. ತಲೆಗೆ ಐದರಂತೆ ಅರವತ್ತು ದೋಸೆ. ಒಂದು ಕಾವಲಿ, ಒಂದಕ್ಕೆ ಒಂದೂವರೆ ನಿಮಿಷ, ಲೆಕ್ಕ ಹಾಕಿ: ಒಂದೂವರೆ ಗಂಟೆ. ಹಿಟ್ಟು ಅಡಿಗೆ ಇಳಿಯುವುದರಿಂದ ಪ್ರತಿ ಸಲವೂ ಸೌಟಿನಲ್ಲಿ ಕಲಕಬೇಕು, ಬೆಂದದ್ದನ್ನು ಒಂದರ ಮೇಲೊಂದು ಬಿಸಿಯಲ್ಲೇ ಪೇರಿಸಿದರೆ ಅಂಟುತ್ತವೆ. ಆ ಒಂದೂವರೆ ಗಂಟೆ ಒಲೆ ಮುಂದೆ ನಿಂತ ಅತ್ತಿಗೆಗೆ ಅಡುಗೆಮನೆ ಕಿಟಕಿಯಲ್ಲಿ ಕಾಣುವುದು ಕಡಲಲ್ಲ, ಪಕ್ಕದ ಮನೆಯ ಗೋಡೆ. ಜಾಹೀರಾತಿನ ಫೋಟೋದಲ್ಲಿ ಆ ಕಿಟಕಿ ಇರುವುದಿಲ್ಲ. ‘ಇನ್ನೆರಡು ಗರಿಗರಿಯಾಗಿ ಬರ್ಲಿ’ ಎಂದು ಜಗಲಿಯಿಂದ ಕೂಗಿದ್ದು ಯಾರೆಂದು ಹೇಳಬೇಕಾಗಿಲ್ಲ. ನೀರುದೋಸೆ ಗರಿಗರಿಯಾಗಿ ಬಂದರೆ ಅದು ನೀರುದೋಸೆಯಲ್ಲ ಎಂದೂ ಅವನಿಗೆ ಹೇಳಿ ಪ್ರಯೋಜನವಿಲ್ಲ.

ಅಜ್ಜಿಯ ಸುದ್ದಿ ಬೇರೆ. ಎರಡು ದಿನವೂ ‘ಇಲ್ಲಿಂದಲೇ ಕಾಣ್ತದಲ್ಲ’ ಎಂದು ಪ್ಲಾಸ್ಟಿಕ್ ಕುರ್ಚಿ ಬಿಟ್ಟೇಳುವುದಿಲ್ಲ. ಹೊರಡುವ ಹಿಂದಿನ ಸಂಜೆ, ಇಳಿತವಾಗಿ ನೀರು ದೂರ ಸರಿದು ತೀರ ಚಪ್ಪಟೆಯಾಗಿದ್ದಾಗ, ಯಾರಿಗೂ ಹೇಳದೆ ಹೋಗಿ, ಸೀರೆ ನೆರಿಗೆ ಒಂದು ಗೇಣು ಎತ್ತಿ ಹಿಡಿದು, ಮೂರು ಅಲೆಗೆ ಪಾದ ಕೊಟ್ಟು ನಿಲ್ಲುತ್ತಾರೆ. ನಾಲ್ಕನೆಯದು ಬರುವ ಮೊದಲೇ ತಿರುಗುತ್ತಾರೆ. ಅಂಗಳದ ಕಲ್ಲಿನ ಮೇಲೆ ಕೂತು ಹಿಮ್ಮಡಿಯ ಬಿರುಕಿನಲ್ಲಿ ಸಿಕ್ಕಿದ ನಾಲ್ಕು ಹರಳನ್ನು ಉಗುರಿಂದ ಬಿಡಿಸಿಕೊಂಡು ಒಳಗೆ ಬರುತ್ತಾರೆ. ಅವರು ಮನೆಗೆ ತಂದ ಮರಳು ಸೊನ್ನೆ.

ಅವರ ಹಿಂದೆಯೇ ಭಾವ, ಲಾಡಿ ಹಿಡಿದುಕೊಂಡು, ಬಚ್ಚಲ ಕಡೆಗೆ. ಮನೆ ನೋಡಿಕೊಳ್ಳುವ ಅಕ್ಕ ಈ ಹೊತ್ತಿಗೆ ನಲ್ಲಿಯ ಹತ್ತಿರ ಕಾದೇ ನಿಂತಿರುತ್ತಾರೆ. ‘ಹೊಯಿಗೆ ಅಲ್ಲೇ ತೆಗೀರಿ ಮಾರಾಯ್ರೆ. ಕಿಸೆ ಮಗುಚಿ ಹಾಕಿ.’ ಹನ್ನೊಂದು ಜನ ಜಗಲಿಯಿಂದ ನೋಡುತ್ತಿರುವಂತೆ ಭಾವ ಎರಡೂ ಜೇಬುಗಳನ್ನು ಹೊರಕ್ಕೆ ಎಳೆದು, ಮೇಕೆಯ ಕಿವಿಯಂತೆ ಜೋತಾಡಿಸಿಕೊಂಡು ಸುತ್ತು ತಿರುಗುತ್ತಾನೆ. ಮರಳು ಬೀಳುತ್ತದೆ. ಎರಡು ಮರುವಾಯಿ ಚಿಪ್ಪು ಬೀಳುತ್ತವೆ. ಹತ್ತು ರೂಪಾಯಿ ನಾಣ್ಯವೊಂದು ಬೀಳುತ್ತದೆ, ಅದಕ್ಕೆ ಮಾತ್ರ ಅವನು ಬಗ್ಗುತ್ತಾನೆ.

ಅಕ್ಕ ಗುಡ್ಡೆಯನ್ನು ಹಿಡಿಸೂಡಿಯಿಂದ ತೆಂಗಿನ ಕಟ್ಟೆಗೆ ಗುಡಿಸುತ್ತಾರೆ. ಕಟ್ಟೆ ಸುತ್ತಲ ನೆಲಕ್ಕಿಂತ ಮೊಣಕಾಲೆತ್ತರ ಮೇಲೆ ಬಂದಿದೆ. ‘ಹೋದ ವರ್ಷ ಇಷ್ಟೇ ಇತ್ತು’ ಎಂದು ಕೈಯಲ್ಲಿ ಗೇಣಿನಷ್ಟು ತೋರಿಸುತ್ತಾರೆ.