ಐವತ್ತೊಂಬತ್ತನೆಯ ಮಹಾಪುರುಷ

2006ರಲ್ಲಿ ರೊಮೇನಿಯಾದ ಸರ್ಕಾರಿ ಟಿವಿ ವಾಹಿನಿಯವರು ನಾಡಿನ ಮಹಾಪುರುಷರು ಯಾರೆಂದು ಜನರಿಂದ ಮತ ಹಾಕಿಸಿದರು. ಹದಿನೈದನೆಯ ಶತಮಾನದ ದೊರೆ ಸ್ಟೀಫನ್ ಮೊದಲ ಸ್ಥಾನಕ್ಕೆ ಬಂದ. ಜಿಮ್ನಾಸ್ಟಿಕ್ಸ್‌ನ ನಾದಿಯಾ ಕೊಮನೇಚ್ ಹತ್ತನೆಯವರು, ಸರ್ವಾಧಿಕಾರಿ ಚೌಷೆಸ್ಕು ಹನ್ನೊಂದನೆಯವನು. ಐವತ್ತೊಂಬತ್ತನೆಯ ಸ್ಥಾನ ಬುಲ ಎಂಬಾತನಿಗೆ. ಈ ಬುಲ ಯುದ್ಧ ಮಾಡಿದವನಲ್ಲ, ಕಾವ್ಯ ಬರೆದವನಲ್ಲ, ಹುಟ್ಟಿದವನೇ ಅಲ್ಲ. ನಗೆಹನಿಗಳಲ್ಲಿ ಬರುವ ಕೊನೆಯ ಬೆಂಚಿನ ಹುಡುಗ ಅವನು. ಹುಟ್ಟುವ ಕಷ್ಟವನ್ನೂ ತೆಗೆದುಕೊಳ್ಳದೆ ಎಷ್ಟೋ ಘನ ವಿದ್ವಾಂಸರನ್ನು ಹಿಂದಿಕ್ಕಿಬಿಟ್ಟ.

ನನಗೆ ಅವನ ಪರಿಚಯವಾದದ್ದು ಸ್ನಾನದ ಮನೆಯ ದೆಸೆಯಿಂದ. ಕೆಲಸದ ಮೇಲೆ ಬುಕಾರೆಸ್ಟಿಗೆ ಹೋಗಿ ಹಳೆಯ ಕಟ್ಟಡವೊಂದರಲ್ಲಿ ಬಾಡಿಗೆಗಿದ್ದೆ. ಆ ಊರಿನಲ್ಲಿ ಮನೆಮನೆಗೆ ಗೀಸರ್ ಎಂಬ ಪದ್ಧತಿ ಕಡಿಮೆ. ದೂರದ ಸ್ಥಾವರದಲ್ಲಿ ಕಾದ ನೀರು ನೆಲದಡಿಯ ಕೊಳವೆಗಳಲ್ಲಿ ಬಂದು ನಲ್ಲಿಯಲ್ಲಿ ಇಳಿಯಬೇಕು. ಕೊಳವೆಗಳಿಗೆ ವಯಸ್ಸಾಗಿದೆ, ಆಗಾಗ ಒಡೆಯುತ್ತವೆ. ಜನವರಿಯ ಒಂದು ಬೆಳಿಗ್ಗೆ ತಲೆಗೆ ಶಾಂಪೂ ತಿಕ್ಕಿಕೊಂಡು ನಿಂತಿದ್ದೇನೆ, ನೀರು ಒಮ್ಮೆಲೇ ಮಂಜುಗಡ್ಡೆಯ ತಂಗಿಯಾಯಿತು. ಟವೆಲ್ಲಿನ ಮೇಲೆ ಓವರ್‌ಕೋಟು ಏರಿಸಿ, ಮೆಟ್ಟಿಲ ಬಳಿ ಏನಾದರೂ ಸೂಚನೆ ಅಂಟಿಸಿದ್ದಾರೆಯೇ ಎಂದು ನೋಡಲು ಹೋದೆ. ಅಂಟಿಸಿದ್ದರು, ನೊರೆ ತುಂಬಿದ ಕಣ್ಣಿಗೆ ಅದು ಕಾಣಬೇಕಲ್ಲ!

ಮೇಲಿನ ಮಹಡಿಯ ನಿವೃತ್ತ ಮೇಷ್ಟರು ಕಸದ ಚೀಲ ಹಿಡಿದು ಇಳಿಯುತ್ತಿದ್ದರು. ನನ್ನ ಅವತಾರವನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಚೀಲವನ್ನು ಕೆಳಗಿಟ್ಟು, "ತಣ್ಣೀರಿಗಿಂತ ತಣ್ಣಗಿರುವುದು ಯಾವುದು ಎಂದು ಟೀಚರ್ ಬುಲನನ್ನು ಕೇಳಿದರಂತೆ. ಬಿಸಿನೀರು ಎಂದನಂತೆ" ಎಂದರು. ಬಯಸಿದ್ದು ಒಂದು ಬಕೆಟ್ ಬಿಸಿನೀರು, ದೊರೆತದ್ದು ಇದು.

ಅಲ್ಲಿಗೆ ಬಿಡಲಿಲ್ಲ. ಮೇಷ್ಟರೆಂದ ಮೇಲೆ ಪಾಠ ಪೂರ್ತಿಯಾಗಬೇಕು. ಎಂಬತ್ತರ ದಶಕದಲ್ಲಿ ಚೌಷೆಸ್ಕು ವಿದೇಶಿ ಸಾಲವನ್ನೆಲ್ಲ ತೀರಿಸಿಯೇ ಸಿದ್ಧ ಎಂದು ಹಟ ಹಿಡಿದ. ತಿನ್ನುವ ಪದಾರ್ಥ ರಫ್ತಾಯಿತು, ಜನ ಕ್ಯೂನಲ್ಲಿ ಉಳಿದರು. ಚಳಿಗಾಲದಲ್ಲಿ ಮನೆಗಳು ಬೆಚ್ಚಗಾಗಲಿಲ್ಲ, ದೀಪ ಆರುತ್ತಿತ್ತು, ಟಿವಿ ವಾರದ ದಿನಗಳಲ್ಲಿ ರಾತ್ರಿ ಎರಡೇ ಗಂಟೆ, ಅದರಲ್ಲೂ ಅವನದೇ ಮುಖ. 1989ರಲ್ಲಿ ಸಾಲ ತೀರಿತು. ಅದೇ ವರ್ಷದ ಕ್ರಿಸ್ಮಸ್ ದಿನ ಅವನಿಗೆ ಗುಂಡಿಕ್ಕಿದರು. ಈ ಕತ್ತಲಲ್ಲಿ ಕುಳಿತ ಜನಕ್ಕೆ ಖರ್ಚಿಲ್ಲದೆ ಸಿಗುತ್ತಿದ್ದ ಸರಕು ಬುಲ. ಮಾತಿನ ಬೆನ್ನಿಗೇ ಗುಪ್ತ ಪೊಲೀಸರಾದ ಸೆಕ್ಯುರಿತಾತೆಯ ಕಿವಿ. ಹೇಳಿದ್ದು ನಾನಲ್ಲ, ಬುಲ ಎಂದರೆ ಸ್ವಲ್ಪವಾದರೂ ಧೈರ್ಯ.

ಮೇಷ್ಟರ ಅಚ್ಚುಮೆಚ್ಚಿನದು ಇದು. ಚೌಷೆಸ್ಕು ಶಾಲೆಗೆ ಬಂದು ಬುಲನನ್ನು ಕೇಳಿದನಂತೆ: "ನಿನ್ನ ತಂದೆ ಯಾರು?" "ತಾವೇ, ಕಾಮ್ರೇಡ್." "ತಾಯಿ?" "ಪಕ್ಷ." "ಭೇಷ್! ದೊಡ್ಡವನಾದ ಮೇಲೆ ಏನಾಗಬೇಕೆಂದಿದ್ದೀಯಾ?" "ಅನಾಥ."

ಇಷ್ಟು ಹೇಳುವಾಗ ಅವರು ಅಭ್ಯಾಸಬಲದಿಂದ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದರು. ಕೇಳಿಸಿಕೊಳ್ಳಲು ಇದ್ದದ್ದು ನಾನು ಮತ್ತು ಕೆಳಮನೆಯ ಬೆಕ್ಕು. ಬೆಕ್ಕಿನ ಕಡೆಗೇ ಅವರ ಅನುಮಾನ ಜಾಸ್ತಿ.

ಬುಲ ಒಮ್ಮೊಮ್ಮೆ ಸೈನಿಕನಾಗುತ್ತಾನೆ, ಗಂಡನಾಗುತ್ತಾನೆ, ಆದರೆ ಎಲ್ಲಿಯೂ ಬುದ್ಧಿವಂತನಾಗುವುದಿಲ್ಲ. ಹಳ್ಳಿಗಾಡಿನ ಹಳೆಯ ಕಥೆಗಳ ಪಕಾಲ ಹಾಗಲ್ಲ, ಪಕ್ಕಾ ಕಿಲಾಡಿ. ಮರದ ಕೊಂಬೆ ಕಿರ್ ಎಂದದ್ದನ್ನೇ ಒಪ್ಪಿಗೆ ಎಂದುಕೊಂಡು ಅದಕ್ಕೆ ಎತ್ತು ಮಾರುತ್ತಾನೆ. ಹಣ ವಸೂಲಿಗೆ ಹೋದಾಗ ಮರ ಸುಮ್ಮನಿದ್ದರೆ ಕೊಡಲಿ ಎತ್ತುತ್ತಾನೆ. ಬುಡದಲ್ಲಿ ನಿಧಿ ಸಿಗುತ್ತದೆ. ಅಲ್ಲಿನವರ ನಸ್ತ್ರತಿನ್ ಹೋಜ ಎಂದರೆ ನಮ್ಮ ಮುಲ್ಲಾ ನಸ್ರುದ್ದೀನನೇ. ಆಂಟನ್ ಪಾನ್ ಎಂಬ ಕವಿ 1853ರಲ್ಲಿಯೇ ಅವನನ್ನು ರೊಮೇನಿಯನ್ ಪದ್ಯಕ್ಕೆ ಇಳಿಸಿದ್ದಾನೆ. ಇಬ್ಬರೂ ಗೆಲ್ಲುವವರು. ಬುಲನಿಗೆ ಮಾತ್ರ ಸತ್ಯ ಹೇಳಿದ್ದಕ್ಕೆ ಹತ್ತಕ್ಕೆ ಎರಡು ಅಂಕ. ನನ್ನ ಮತ ಅವನಿಗೇ.

ತಲೆಯ ನೊರೆ ಒಣಗಿ ಚಕ್ಕಳವಾಗುತ್ತಿತ್ತು. "ನಿಮ್ಮ ಕಡೆಯ ಬುಲ ಯಾರು?" ಎಂದು ಮೇಷ್ಟರು ಕೇಳಿದರು. ನಾಡಿನ ಮಾನದ ಪ್ರಶ್ನೆ. ತೆನಾಲಿ ರಾಮಕೃಷ್ಣನನ್ನು ಕರೆತಂದೆ. ಒಡವೆಯ ಪೆಟ್ಟಿಗೆಯನ್ನು ಬಾವಿಗೆ ಹಾಕಿದ್ದೇನೆ ಎಂದು ಕಳ್ಳರಿಗೆ ಕೇಳುವಂತೆ ಹೇಳಿ, ರಾತ್ರಿಯೆಲ್ಲ ಅವರಿಂದ ನೀರು ಸೇದಿಸಿ, ತೋಟ ನೆನೆಸಿಕೊಂಡ ಕಥೆಯನ್ನು ನಡುಗುತ್ತಲೇ ಹೇಳಿದೆ.

"ರಾತ್ರಿಯಿಡೀ ನೀರು ಬಂತೇ?" ಎಂದು ಅವರು ಹುಬ್ಬೇರಿಸಿದರು. ನಗಬೇಕಾದ ಜಾಗ ಅದಾಗಿರಲಿಲ್ಲ.

"ಕೃಷ್ಣದೇವರಾಯನ ಆಸ್ಥಾನದಲ್ಲಿದ್ದ. ರಾಜನಿಗೇ ಎದುರಾಡುತ್ತಿದ್ದ" ಎಂದೆ, ಕಥೆಯ ಮರ್ಯಾದೆ ಉಳಿಸಲು.

"ಎದುರಾಡಿದರೂ ಆಸ್ಥಾನದಲ್ಲೇ ಇಟ್ಟುಕೊಂಡಿದ್ದರೇ?"

"ಹೌದು. ಬಹುಮಾನ ಬೇರೆ."

ಮೇಷ್ಟರು ಕಸದ ಚೀಲ ಎತ್ತಿಕೊಂಡು ಎರಡು ಮೆಟ್ಟಿಲು ಇಳಿದರು, ಮತ್ತೆ ತಿರುಗಿ, ಬೆಕ್ಕಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು: "ಹಾಗಾದರೆ ಅವನು ಸೆಕ್ಯುರಿತಾತೆಯವನೇ. ಅವನೆದುರು ನೀವು ಯಾರೂ ಬಾಯಿ ಬಿಟ್ಟಿಲ್ಲ ತಾನೇ?"